ಹೊಂಗೆ ಮರ ಕಡಿಸೋಣ ಅಂತಾರೆ, ಗೋಡೆಗೆ ಚಿತ್ತಾರ ಬೇಡ ಅಂತಾರೆ. ಮೀಟಿಂಗಲ್ಲಿ ಏನು ಹೇಳಲಿ?

ಮೂರನೇ_ಮಹಡಿ:

ಎಲ್ಲರಿಗೂ ನಮಸ್ಕಾರ. ನಾವಿರೋದು ಬೆಂಗಳೂರಿನ ಒಂದು ಹಳೇ ಅಪಾರ್ಟ್‌ಮೆಂಟಿನಲ್ಲಿ. ಈಜುಕೊಳ, ಕ್ಲಬ್‌ಹೌಸ್ ಅಂಥದ್ದೇನೂ ಇಲ್ಲ. ಗೇಟಿನ ಪಕ್ಕ ಒಂದು ಹೊಂಗೆ ಮರ ಇದೆ, ಕಟ್ಟಡಕ್ಕಿಂತ ಹಳೆಯದು. ಅದನ್ನು ಕಡಿಸಿ ಎರಡು ಕಾರಿಗೆ ಜಾಗ ಮಾಡೋಣ ಅಂತ ಅಸೋಸಿಯೇಷನ್ನಿನಲ್ಲಿ ಮಾತು ಶುರುವಾಗಿದೆ. ಎಲೆ ಉದುರುತ್ತೆ, ಹೂ ಉದುರುತ್ತೆ, ಕಾಗೆ ಕೂತು ಕಾರಿನ ಮೇಲೆ ಗಲೀಜು ಮಾಡುತ್ತೆ, ಬೇರು ಬಂದು ಸಂಪು ಒಡೆಯುತ್ತೆ (ಇಲ್ಲಿವರೆಗೆ ಒಡೆದಿಲ್ಲ, ಮುಂದೆ ಒಡೆಯಬಹುದಂತೆ), ಹೀಗೆ ಮರದ ಮೇಲೆ ಒಂದಲ್ಲ ಹತ್ತು ದೂರು.

ಇದರ ಜೊತೆಗೇ ಕಾಂಪೌಂಡಿಗೆ ಬಣ್ಣ ಹೊಡೆಸುವ ವಿಷಯ ಬಂತು. ಮೆಟ್ಟಿಲ ಪಕ್ಕ, ಲಿಫ್ಟಿನ ಎದುರಿಗೆ ಉದ್ದಕ್ಕೆ ಒಂದು ಖಾಲಿ ಗೋಡೆ ಇದೆ, ಹೇಗೂ ಪೇಂಟ್ ಮಾಡಿಸ್ತೀರಲ್ಲ, ಅಲ್ಲಿ ಮಲೆನಾಡಿನ ಹಸೆ ಚಿತ್ತಾರ ಬರೆಸೋಣ ಅಂತ ನಾನು ಅಂದೆ. ನಕ್ಕುಬಿಟ್ಟರು. ಒಬ್ಬ ಹಿರಿಯರು "ಅದೆಲ್ಲ ಹೊಟ್ಟೆ ತುಂಬಿದವರ ಶೋಕಿ ಕಣಪ್ಪ, ಮೊದಲು ಲಿಫ್ಟ್ ರಿಪೇರಿ ಆಗಲಿ" ಅಂದರು. ಅವರ ಮೇಲೆ ನನಗೇನೂ ಸಿಟ್ಟಿಲ್ಲ. ಮೊಣಕಾಲು ನೋವಿರೋ ಮನುಷ್ಯ, ಲಿಫ್ಟ್ ಕೆಡ್ತಾ ಇರೋದೂ ನಿಜ.

ನನ್ನ ಕಷ್ಟ ಏನಂದ್ರೆ, ಎದುರು ಮಾತಾಡೋಕೆ ಬಾಯಿಗೆ ಏನೂ ಬರಲಿಲ್ಲ. ಮರ ಬೇಕು, ಗೋಡೆ ಮೇಲೆ ಒಂದು ಚಿತ್ರ ಬೇಕು ಅಂತ ಮನಸ್ಸಿಗೆ ಅನ್ನಿಸುತ್ತೆ. ಯಾಕೆ ಬೇಕು ಅಂತ ಕೇಳಿದರೆ "ಚೆನ್ನಾಗಿರುತ್ತೆ" ಅನ್ನೋದು ಬಿಟ್ಟು ಬೇರೆ ಉತ್ತರ ಇಲ್ಲ. ಭಾನುವಾರ ಮತ್ತೆ ಮೀಟಿಂಗ್ ಇದೆ. ದಿನಾ ಆಫೀಸು, ಟ್ರಾಫಿಕ್ಕು, ಇಎಂಐ ಅಂತ ಓಡಾಡೋ ಜನಕ್ಕೆ ಇವೆಲ್ಲ ಯಾಕೆ ಬೇಕು, ಹೇಗೆ ಹೇಳಿದರೆ ಒಪ್ಪಬಹುದು? ಅನುಭವ ಇರುವವರು ತಿಳಿಸಿ. "ಪ್ರಕೃತಿಯೇ ದೇವರು" ಥರದ ವಾಟ್ಸಾಪ್ ಮಾತು ಬೇಡ, ಅವು ಗ್ರೂಪಿನಲ್ಲಿ ದಿನಾ ಬೆಳಿಗ್ಗೆ ಬರುತ್ತವೆ, ಕಳಿಸುವವರೇ ಮರ ಕಡಿಸಬೇಕು ಅಂತಿರೋದು.

---

ಲೆಕ್ಕದವನು:

ಮೊದಲು ಕಾನೂನು ನೋಡಿ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರದ್ದು. ಮರ ನಮ್ಮ ಸ್ವಂತ ಜಾಗದಲ್ಲಿದ್ದರೂ ಟ್ರೀ ಆಫೀಸರ್ ಅನುಮತಿ ಇಲ್ಲದೆ ಕಡಿಯೋ ಹಾಗಿಲ್ಲ. ಕೆಲವು ಜಾತಿಗೆ ವಿನಾಯಿತಿ ಇದೆ, ಆ ಪಟ್ಟಿ ಆಗಾಗ ಬದಲಾಗುತ್ತೆ, ಪಾಲಿಕೆಯ ಅರಣ್ಯ ವಿಭಾಗಕ್ಕೆ ಹೋಗಿ ಕೇಳಿಕೊಂಡು ಬನ್ನಿ. ಮೀಟಿಂಗಿನಲ್ಲಿ "ಅರ್ಜಿ ಯಾರ ಹೆಸರಲ್ಲಿ ಹಾಕೋಣ, ಯಾರು ಸೈನ್ ಮಾಡ್ತೀರಿ?" ಅಂತ ಒಂದೇ ಒಂದು ಪ್ರಶ್ನೆ ಕೇಳಿ. ಅರ್ಧ ಜನ ಅಲ್ಲೇ ಸುಮ್ಮನಾಗ್ತಾರೆ.

ಇನ್ನು ದುಡ್ಡಿನ ಭಾಷೆಯಲ್ಲೇ ಮಾತಾಡುವವರಿಗೆ ಅಂಕಿ ಅಂಶ ಬೇಕಲ್ವಾ? ಬೆಂಗಳೂರಿನ ರಸ್ತೆಗಳಲ್ಲೇ ಅಳತೆ ಮಾಡಿದ ಒಂದು ಅಧ್ಯಯನ 2013ರಲ್ಲಿ ಪ್ರಕಟವಾಗಿದೆ. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಅವರ ಜೊತೆಯವರು ಮಾಡಿದ್ದು. ಮಧ್ಯಾಹ್ನದ ಹೊತ್ತು ಮರ ಇರುವ ರಸ್ತೆ ಮತ್ತು ಮರ ಇಲ್ಲದ ರಸ್ತೆಯನ್ನು ಹೋಲಿಸಿ ನೋಡಿದರು. ನೆರಳಿನಲ್ಲಿ ಗಾಳಿಯ ಉಷ್ಣಾಂಶ 5.6 ಡಿಗ್ರಿಯವರೆಗೆ ಕಡಿಮೆ, ಡಾಂಬರಿನ ಮೇಲ್ಮೈ 27.5 ಡಿಗ್ರಿಯವರೆಗೆ ಕಡಿಮೆ. ಕಾರಿನ ಬಗ್ಗೆ ಅಷ್ಟು ಚಿಂತೆ ಇರುವವರಿಗೆ ಆ ಎರಡನೇ ಅಂಕಿ ಜೋರಾಗಿ ಓದಿ ಹೇಳಿ. ಏಪ್ರಿಲ್‌ನಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಸ್ಟೀರಿಂಗ್ ಮುಟ್ಟಿದವರಿಗೆ ಅದರ ಅರ್ಥ ಬೇರೆ ಹೇಳಬೇಕಾಗಿಲ್ಲ.

ಇನ್ನೊಂದು ಇದೆ, ಅದು ಅಮೆರಿಕದ್ದು. ರೋಜರ್ ಉಲ್ರಿಚ್ ಅನ್ನುವವರು 1984ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದದ್ದು. ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್ ಆದವರ ದಾಖಲೆ ತೆಗೆದು ನೋಡಿದರು. ಕೆಲವರ ಕಿಟಕಿಗೆ ಮರಗಳು ಕಾಣುತ್ತಿದ್ದವು, ಕೆಲವರ ಕಿಟಕಿಗೆ ಎದುರಿನ ಇಟ್ಟಿಗೆ ಗೋಡೆ. ಮರ ಕಾಣುತ್ತಿದ್ದವರು ಸರಾಸರಿ ಮುಕ್ಕಾಲು ದಿನ ಬೇಗ ಮನೆಗೆ ಹೋದರು, ಜೋರಾದ ನೋವಿನ ಔಷಧಿಯನ್ನೂ ಕಡಿಮೆ ತಗೊಂಡರು. 46 ಜನರ ಮೇಲೆ ಮಾಡಿದ ಸಣ್ಣ ಅಧ್ಯಯನ ಅಷ್ಟೆ, ಅದನ್ನೇ ಹಿಡಿದು ಕುಣಿಯೋದು ಬೇಡ. ಆದರೆ ಆಸ್ಪತ್ರೆ ಕಟ್ಟುವವರು ಕಿಟಕಿಯಾಚೆ ಏನು ಕಾಣಬೇಕು ಅಂತ ಯೋಚಿಸುವಂತೆ ಮಾಡಿದ್ದರಲ್ಲಿ ಅದರ ಪಾಲು ದೊಡ್ಡದು.

ಚಿತ್ತಾರಕ್ಕೆ ನನ್ನ ಹತ್ತಿರ ಲೆಕ್ಕ ಇಲ್ಲ. ಬೇರೆಯವರು ಹೇಳಲಿ.

---

ಸಾಗರದವಳು:

ನಾನು ಹೇಳ್ತೀನಿ. "ಹೊಟ್ಟೆ ತುಂಬಿದವರ ಶೋಕಿ" ಅನ್ನೋ ಮಾತು ಓದಿ ಸುಮ್ನೆ ಹೋಗೋಕೆ ಆಗಲಿಲ್ಲ, ಅದೂ ಚಿತ್ತಾರದ ಬಗ್ಗೆ!

ಹಸೆ ಚಿತ್ತಾರ ಬರೆದವರು ಯಾರು ಅಂತ ಆ ಹಿರಿಯರಿಗೆ ಹೇಳಿ. ಸಾಗರ, ಸೊರಬದ ಕಡೆಯ ದೀವರ ಸಮುದಾಯದವರು. ಹೆಚ್ಚಿನವರು ಗೇಣಿ ರೈತರು, ಬೇರೆಯವರ ಗದ್ದೆಯಲ್ಲಿ ದುಡಿದವರು. ಕಾಗೋಡು ಸತ್ಯಾಗ್ರಹ ಕೇಳಿದ್ದೀರಲ್ಲ, 1951ರದ್ದು? ಭತ್ತ ಅಳೆಯುವ ಕೊಳಗದ ಅಳತೆಗಾಗಿ ಶುರುವಾದ ಹೋರಾಟ ಅದು. ಗೇಣಿ ಕೊಡುವಾಗ ಒಡೆಯರ ಕೊಳಗ ದೊಡ್ಡದು ಅನ್ನೋದು ತಕರಾರು. ಅಂದರೆ ಒಂದೊಂದು ಹಿಡಿ ಭತ್ತಕ್ಕೂ ಲೆಕ್ಕ ಇಡಬೇಕಾದ ಮನೆಗಳು ಅವು. ಆ ಮನೆಯ ಹೆಂಗಸರೇ ಮದುವೆ ಬಂತು ಅಂದರೆ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿ ನೆನೆಸಿ ಅರೆದು ಬಿಳಿ ಬಣ್ಣ ಮಾಡಿ, ಅಕ್ಕಿಯನ್ನೇ ಕರಕಲು ಹುರಿದು ಕಪ್ಪು ಮಾಡಿ, ಗುರಿಗೆ ಕಾಯಿಯಿಂದ ಹಳದಿ ತೆಗೆದು, ಪುಂಡಿ ನಾರಿನ ಕುಂಚದಲ್ಲಿ ಎಳೆ ಎಳೆಯಾಗಿ ಬರೆದದ್ದು. ಉಣ್ಣೋ ಅಕ್ಕಿ ರೀ ಅದು. ಹೊಟ್ಟೆ ತುಂಬಿ ಮಿಕ್ಕಿದ್ದಕ್ಕೆ ಬರೆದರು ಅಂತ ಯಾರು ಹೇಳಿದ್ದು ನಿಮಗೆ?

ಹತ್ತಿರದಿಂದ ನೋಡಿದವರಿಗೆ ಗೊತ್ತು, ಅದರಲ್ಲಿ ಸ್ಕೇಲು ಪೆನ್ಸಿಲ್ಲು ಏನೂ ಇಲ್ಲ. ಒಂದು ಎಳೆ ಎಳೀಬೇಕಾದ್ರೆ ಉಸಿರು ಬಿಗಿ ಹಿಡಿದು ಮೇಲಿಂದ ಕೆಳಗೆ ಒಂದೇ ಸಲ ತರ್ತಾರೆ. ನಾರಿನ ತುದಿ ಅಕ್ಕಿ ಹಿಟ್ಟು ಹೀರಿಕೊಂಡು ಸ್ವಲ್ಪ ದಪ್ಪ ಆಗಿರುತ್ತೆ, ಜಾಸ್ತಿ ಅದ್ದಿದರೆ ಕೆಮ್ಮಣ್ಣಿನ ಮೇಲೆ ಇಳಿದುಹೋಗುತ್ತೆ, ಕಡಿಮೆ ಆದರೆ ಎಳೆ ಅರ್ಧಕ್ಕೆ ನಿಲ್ಲುತ್ತೆ. ಒಬ್ಬರು ಬರೀತಿದ್ದರೆ ಪಕ್ಕದಲ್ಲಿ ಕೂತವರು ಹಾಡು ಹೇಳ್ತಾರೆ. ಚಿತ್ತಾರದೊಳಗೆ ಏನಿರುತ್ತೆ ನೋಡಿ: ಮದುಮಕ್ಕಳು, ದಂಡಿಗೆ (ಪಲ್ಲಕ್ಕಿ), ಭತ್ತದ ತೆನೆ, ಹಕ್ಕಿ. ಅವರ ಅಂಗಳ, ಅವರ ಗದ್ದೆಯೇ ಗೋಡೆ ಹತ್ತಿರೋದು.

ಇನ್ನು ಭೂಮಿ ಹುಣ್ಣಿಮೆ. ಸೀಗಿ ಹುಣ್ಣಿಮೆ ಅಂತೀರಲ್ಲ, ಅದೇ. ಪೈರು ತೆನೆ ಕಟ್ಟುವ ಹೊತ್ತು. ಭೂಮಿತಾಯಿ ಬಸುರಿ ಅಂತ ಅವಳಿಗೆ ಬಯಕೆ ಊಟ. ಅದನ್ನು ಗದ್ದೆಗೆ ಹೊತ್ತುಕೊಂಡು ಹೋಗೋ ಬುಟ್ಟಿಗೆ ಮುಂಚೆಯೇ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಚಿತ್ತಾರ ಬರೆದು ಇಡ್ತಾರೆ. ರಾತ್ರಿಯೆಲ್ಲ ಅಡುಗೆ, ಬೆಳಕು ಹರಿಯೋ ಮುಂಚೆ ಗದ್ದೆ. ಹಲವು ಬಗೆ ಸೊಪ್ಪು ಹಾಕಿ ಬೇಯಿಸಿದ ಅಂಬಲಿಯನ್ನು ಕೂಗುತ್ತಾ ಗದ್ದೆಗೆಲ್ಲ ಬೀರ್ತಾರೆ. ಅನ್ನ ಹೊರೋಕೆ ಬರೀ ಬುಟ್ಟಿಯೂ ಸಾಕಾಗಿತ್ತಲ್ವಾ? ಆದರೂ ಬರೀ ಬುಟ್ಟಿಯಲ್ಲಿ ಯಾರೂ ತಗೊಂಡು ಹೋಗಲ್ಲ. ಪ್ರಕೃತಿ ಒಂದು ಕಡೆ, ಕಲೆ ಒಂದು ಕಡೆ, ದುಡಿಮೆ ಇನ್ನೊಂದು ಕಡೆ ಅಂತ ಬೇರೆ ಬೇರೆ ಇಡೋದು ನಮ್ಮ ಕಡೆ ಗೊತ್ತೇ ಇರಲಿಲ್ಲ. ಬೇರೆ ಮಾಡಿದ ಮೇಲೇ "ಇದರಿಂದ ಏನು ಉಪಯೋಗ" ಅನ್ನೋ ಪ್ರಶ್ನೆ ಹುಟ್ಟಿದ್ದು.

ಹಾಗಾಗಿ ಮೇಲೆ ಒಬ್ಬರು ಕೊಟ್ಟ ಡಿಗ್ರಿ ಲೆಕ್ಕ ಚೆನ್ನಾಗಿದೆ, ಹೇಳಿ. ಆದರೆ ಲೆಕ್ಕದ ಮೇಲೆ ಮಾತ್ರ ಮರ ಉಳಿಸಿದರೆ, ನಾಳೆ ಇನ್ಯಾರೋ ದೊಡ್ಡ ಲೆಕ್ಕ ತಂದಾಗ ಮರ ಹೋಗುತ್ತೆ.

---

ರಾತ್ರಿ_ಶಿಫ್ಟ್:

ಎಲ್ಲ ಸರಿ, ಆದರೆ ಸ್ವಲ್ಪ ಖಾರದ ಮಾತು ಹೇಳ್ತೀನಿ, ಬೇಜಾರಾಗಬೇಡಿ.

ಬೆಂಗಳೂರಿನಲ್ಲಿ "ಪ್ರಕೃತಿ, ಕಲೆ" ಅಂತ ಮಾತಾಡುವವರು ಹೆಚ್ಚಾಗಿ ಬಾಲ್ಕನಿ ಇರುವವರು. ನಾನು ಇದ್ದ ಏರಿಯಾದಲ್ಲಿ ಪಾರ್ಕ್ ಇತ್ತು. ಬೆಳಿಗ್ಗೆ ವಾಕಿಂಗ್ ಮಾಡುವವರಿಗೆ ತೆಗೀತಿದ್ದರು, ಮತ್ತೆ ಸಂಜೆ ತೆಗೀತಿದ್ದರು. ಮಧ್ಯಾಹ್ನ ಬೀಗ. ಮಧ್ಯಾಹ್ನ ನೆರಳು ಬೇಕಾಗಿರೋದು ಯಾರಿಗೆ? ಮನೆಗೆಲಸ ಮುಗಿಸಿ ಇನ್ನೊಂದು ಮನೆಗೆ ಹೋಗೋ ಹೆಂಗಸರಿಗೆ, ಡೆಲಿವರಿ ಹುಡುಗರಿಗೆ, ನೈಟ್ ಶಿಫ್ಟ್ ಮುಗಿಸಿ ಬಂದು ರೂಮಿನಲ್ಲಿ ಸೆಕೆಗೆ ನಿದ್ದೆ ಬರದ ನನ್ನಂಥವರಿಗೆ. "ಪಾರ್ಕಿನಲ್ಲಿ ಮಲಗ್ತಾರೆ" ಅಂತ ಬೀಗ ಹಾಕಿದ್ದಂತೆ. ಮರದ ಕೆಳಗೆ ಮಲಗದೆ ಇನ್ನೆಲ್ಲಿ ಮಲಗೋದು ಸ್ವಾಮಿ?

ಅದಕ್ಕೇ ನಿಮ್ಮ ಹೊಂಗೆ ಮರದ ವಿಷಯದಲ್ಲಿ ನನ್ನದೊಂದು ಸಲಹೆ. ಒಂದು ದಿನ ರಜೆ ಇದ್ದಾಗ ಅದರ ಕೆಳಗೆ ಯಾರ್ಯಾರು ನಿಲ್ತಾರೆ ಅಂತ ನೋಡಿ. ಹನ್ನೊಂದು ಗಂಟೆಗೆ ಇಸ್ತ್ರಿ ಗಾಡಿಯವರು ಅಲ್ಲಿಗೇ ತಳ್ಳಿಕೊಂಡು ಬಂದಿರ್ತಾರೆ. ವಾಚ್‌ಮನ್ ತನ್ನ ಕುರ್ಚಿಯನ್ನು ನೆರಳು ಸರಿದ ಹಾಗೆಲ್ಲ ಸರಿಸಿಕೊಳ್ತಾ ಇರ್ತಾನೆ, ಆ ಕುರ್ಚಿ ಎಲ್ಲಿದೆ ಅಂತ ನೋಡಿ ಟೈಮ್ ಹೇಳಬಹುದು. ಆರ್ಡರ್ ಬರೋವರೆಗೆ ಗಾಡಿ ಮೇಲೆ ಕೂತ ಹುಡುಗರು, ಸೊಪ್ಪು ಮಾರೋ ಅಜ್ಜಿ, ಶಾಲೆ ವ್ಯಾನಿಗೆ ಕಾಯೋ ಮಕ್ಕಳು. ಇವರ್ಯಾರಿಗೂ ನಿಮ್ಮ ಮೀಟಿಂಗಿನಲ್ಲಿ ಓಟಿಲ್ಲ. ಎರಡು ಕಾರಿಗೆ ಜಾಗ ಆಗುತ್ತೆ ಅಂತ ಲೆಕ್ಕ ಹಾಕಿದವರು ಈಗ ಅಲ್ಲಿ ಎಷ್ಟು ಜನಕ್ಕೆ ಜಾಗ ಇದೆ ಅಂತ ಲೆಕ್ಕ ಹಾಕಿದ್ದಾರಾ?

ಚಿತ್ತಾರದ ಬಗ್ಗೆ ಇಷ್ಟೇ: ಫ್ಲಾಟಿನ ರೇಟು ಜಾಸ್ತಿ ಆಗುತ್ತೆ ಅಂತ ಮಾತ್ರ ಬರೆಸಬೇಡಿ. ಸಾಗರದವಳು ಅವರು ಹೇಳಿದ್ದು ಓದಿದ ಮೇಲಂತೂ ಅದು ಅನ್ಯಾಯ ಅನ್ನಿಸುತ್ತೆ. ಮತ್ತೆ ಆ ಹಿರಿಯರ ಲಿಫ್ಟ್ ಮೊದಲು ರಿಪೇರಿ ಆಗಲಿ. ಅದೂ ಸೇರಿದರೇ ಈ ಮಾತಿಗೆ ತೂಕ.

---

ಕಡಲತಡಿ:

ನಮ್ಮ ದಕ್ಷಿಣ ಕನ್ನಡದ ಕಡೆಯದ್ದೊಂದು ಸೇರಿಸ್ತೇನೆ, ಉದ್ದ ಮಾಡುವುದಿಲ್ಲ.

ಇಲ್ಲಿ ಕಷ್ಟ ಬಂದರೆ ಜನ ಯಕ್ಷಗಾನದ ಹರಕೆ ಹೊರುತ್ತಾರೆ. ಮಗುವಿಗೆ ಹುಷಾರಾದರೆ ಒಂದು ಆಟ ಆಡಿಸ್ತೇನೆ ಅಂತ. ಕಟೀಲು ಮೇಳದ ಆಟ ಬೇಕು ಅಂದರೆ ವರ್ಷಗಟ್ಟಲೆ ಕಾಯಬೇಕು, ಅಷ್ಟು ಮುಂಚೆಯೇ ಬುಕ್ ಆಗಿರುತ್ತದೆ. ಹರಕೆ ಹೊತ್ತವರಲ್ಲಿ ಬೀಡಿ ಕಟ್ಟಿದವರೂ ಇದ್ದಾರೆ, ಮುಂಬಯಿ ಹೋಟೆಲಿನಲ್ಲಿ ದುಡಿದವರೂ ಇದ್ದಾರೆ. ದೇವರಿಗೆ ಏನು ಕೊಡುವುದು ಅಂತ ಯೋಚಿಸಿದಾಗ ಇವರಿಗೆ ಹೊಳೆದದ್ದು ಒಂದು ರಾತ್ರಿಯ ಚೆಂಡೆ, ಪದ, ವೇಷ. ಅದನ್ನು ಊರವರೆಲ್ಲ ಪುಕ್ಕಟೆ ನೋಡುತ್ತಾರೆ.

ಇನ್ನೊಂದು ಮಜಾ ಇದೆ. ಬಯಲಾಟಕ್ಕೂ ಮಳೆಗೂ ಒಪ್ಪಂದ. ಮಳೆ ನಿಂತು ಕೊಯ್ಲಿನ ಹೊತ್ತಿಗೆ ಮೇಳ ಹೊರಡುತ್ತದೆ, ಮೇ ಕೊನೆಯಲ್ಲಿ ಪತ್ತನಾಜೆ, ಅಂದರೆ ಮೇಳದ ತಿರುಗಾಟ ಮುಗಿಯುವ ದಿನ, ಬಂತೆಂದರೆ ಗೆಜ್ಜೆ ಬಿಚ್ಚುತ್ತಾರೆ. ಆಮೇಲೆ ಗದ್ದೆ, ಮಳೆ, ಕೆಸರು. ಈಗ ಹಾಲ್‌ಗಳಲ್ಲಿ ಮಳೆಗಾಲದಲ್ಲೂ ಆಟ ಆಗುತ್ತದೆ, ಆದರೆ ಬಯಲಿನಲ್ಲಿ ನೋಡಿದವನಿಗೆ ಎಸಿ ಹಾಲಿನ ಕುರ್ಚಿಯಲ್ಲಿ ರಂಗಸ್ಥಳ ಯಾಕೋ ದೂರ ಅನ್ನಿಸುತ್ತದೆ. ನನ್ನ ಅಭಿಪ್ರಾಯ ಮಾರಾಯ್ರೆ, ಜಗಳಕ್ಕೆ ಬರಬೇಡಿ.

ಸಾಗರದವರಿಗೆ: ನಿಮ್ಮ ತಾಲೂಕಿನ ಹೆಗ್ಗೋಡು ಬಿಟ್ಟಿರಲ್ಲ! ಅಡಿಕೆ ತೋಟದ ನಡುವಿನ ಹಳ್ಳಿ, 1949ರಲ್ಲಿ ನೀನಾಸಮ್ ನಾಟಕ ಸಂಘ ಶುರು ಮಾಡಿದರು. ಅದನ್ನು ಕಟ್ಟಿ ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 1985ರಿಂದ ಅವರ ತಿರುಗಾಟದ ತಂಡ ಊರೂರಿಗೆ ಹೋಗಿ ನಾಟಕ ಆಡ್ತಾ ಇದೆ. ಕಲೆ ಪೇಟೆಯವರಿಗೆ ಮಾತ್ರ ಅನ್ನುವವರಿಗೆ ಅದೊಂದೇ ಉತ್ತರ ಸಾಕು.

---

ಮೂರನೇ_ಮಹಡಿ:

ಎಲ್ಲರಿಗೂ ಥ್ಯಾಂಕ್ಸ್. ರಾತ್ರಿ_ಶಿಫ್ಟ್ ಅವರೇ, ಇವತ್ತು ಮನೆಯಿಂದ ಕೆಲಸ ಇತ್ತು, ಕಿಟಕಿಯಿಂದ ನೋಡಿದೆ. ಇಸ್ತ್ರಿಯವರು ನಿಜವಾಗಲೂ ಅಲ್ಲೇ ಇದ್ದರು. ಅವರನ್ನು ದಿನಾ ನೋಡ್ತೀನಿ, ಮರದ ಜೊತೆ ಸೇರಿಸಿ ಯಾವತ್ತೂ ಯೋಚಿಸಿರಲಿಲ್ಲ. ಭಾನುವಾರ ಆ ಮಾತನ್ನೇ ಮೊದಲು ಎತ್ತುತ್ತೇನೆ. ಲಿಫ್ಟ್ ಎಎಂಸಿ (ವರ್ಷದ ನಿರ್ವಹಣೆ ಒಪ್ಪಂದ) ವಿಷಯವನ್ನೂ ಅಜೆಂಡಾಕ್ಕೆ ನಾನೇ ಹಾಕಿಸಿದ್ದೇನೆ.

ಎರಡು ಪ್ರಶ್ನೆ ಉಳಿದಿವೆ. ಒಂದು, ಚಿತ್ತಾರ ಬರೆಸೋದಾದರೆ ಹೇಗೆ? ಕಮಿಟಿಯಲ್ಲಿ ಒಬ್ಬರು "ಸ್ಟಿಕ್ಕರ್ ಸಿಗುತ್ತೆ, ಅಂಟಿಸಿದರೆ ಆಯ್ತು" ಅಂತಿದ್ದಾರೆ. ಎರಡು, ಹೊಂಗೆ ಉಳಿದರೂ ಎಲೆ, ಹೂವಿನ ದೂರು ನಿಲ್ಲಲ್ಲ, ಅದಕ್ಕೆ ಏನಾದರೂ ಮಾಡಬಹುದಾ?

---

ಕುಂಚ_ಕತ್ತರಿ:

ನಾನು ಗೋಡೆ ಚಿತ್ರ ಮಾಡುವವನು, ಜೊತೆಗೆ ಸ್ವಲ್ಪ ಮರ-ಗಿಡದ ಹುಚ್ಚು. ಎರಡಕ್ಕೂ ಹೇಳ್ತೀನಿ.

ಸ್ಟಿಕ್ಕರ್ ಬೇಡವೇ ಬೇಡ. ಬಾಗಿಲ ಮುಂದೆ ಅಂಟಿಸೋ ಪ್ಲಾಸ್ಟಿಕ್ ರಂಗೋಲಿಯ ಗತಿ ನೋಡಿಲ್ವಾ? ತಿಂಗಳಲ್ಲಿ ಅಂಚು ಎದ್ದು, ಕೆಳಗೆ ಧೂಳು ಸೇರಿ, ಕೀಳೋಕೂ ಆಗದೆ ಇಡೋಕೂ ಆಗದೆ ಉಳಿಯುತ್ತೆ. ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ರಂಗೋಲಿಯಲ್ಲಿ ಇರೋದೇ ದಿನಾ ಬೆಳಿಗ್ಗೆ ಒಬ್ಬರು ಬಗ್ಗಿ ಚುಕ್ಕಿ ಇಟ್ಟು ಎಳೆ ಎಳೆಯೋದು, ನಾಳೆ ಅಳಿಸಿ ಹೊಸದು ಹಾಕೋದು. ಆ ಕೈ ಇಲ್ಲದಿದ್ದರೆ ಏನೂ ಇಲ್ಲ.

ಚಿತ್ತಾರವನ್ನು ಹೊರಗಿನ ಕಾಂಪೌಂಡಿಗೆ ಮಾಡಿಸಬೇಡಿ. ಕೆಮ್ಮಣ್ಣು, ಅಕ್ಕಿ ಹಿಟ್ಟು ಮನೆಯೊಳಗಿನ ಗೋಡೆಗೆ ಆಗಿ ಬಂದದ್ದು, ಬೆಂಗಳೂರಿನ ಒಂದು ಅಡ್ಡ ಮಳೆಗೆ ಇಳಿದುಹೋಗುತ್ತೆ. ಲಿಫ್ಟಿನ ಎದುರಿನ ಗೋಡೆ ಅಂದಿರಲ್ಲ, ಅದೇ ಸರಿ. ಆ ಗೋಡೆಯಲ್ಲಿ ತೇವ ಇದೆಯಾ ನೋಡಿ, ಪೇಂಟ್ ಸುಲಿದು ಬರ್ತಿದ್ದರೆ ಮೊದಲು ಅದನ್ನು ಸರಿ ಮಾಡಿಸಿ. ಆಮೇಲೆ ಸಾಗರದ ಕಡೆಯ ಚಿತ್ತಾರ ಬರೆಯುವ ಹೆಂಗಸರನ್ನೇ ಕರೆಸಿ. ಹೋಗಿ ಬರೋ ಖರ್ಚು, ಉಳಿಯೋಕೆ ಒಂದು ಮನೆ, ಮರ್ಯಾದೆಯ ಕೂಲಿ. "ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬರೆದರೆ ನಿಮಗೆ ಪ್ರಚಾರ ಸಿಗುತ್ತೆ" ಅಂತ ಮಾತ್ರ ಹೇಳಬೇಡಿ. ಆ ಮಾತು ಕೇಳಿ ಕೇಳಿ ನಮ್ಮ ಕಿವಿ ಹೋಗಿದೆ. ಅವರು ಬರೆಯುವಾಗ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿ, ಕೆಳಗಿನ ಅಂಚಿನ ಒಂದಷ್ಟು ಎಳೆ ಮಕ್ಕಳ ಕೈಯಲ್ಲೇ ಹಾಕಿಸಿ. ಸೊಟ್ಟ ಆದರೆ ಆಗಲಿ.

ಬಜೆಟ್ ಇಲ್ಲ ಅಂದರೆ ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಕಮಿಟಿಯವರನ್ನು ಕರ್ಕೊಂಡು ಹೋಗಿ. ಚಿತ್ರಕಲಾ ಪರಿಷತ್ತಿನವರು ಇಪ್ಪತ್ತು ವರ್ಷಕ್ಕೂ ಮೇಲಿಂದ ನಡೆಸ್ತಿದ್ದಾರೆ. ನೂರು ರೂಪಾಯಿಗೂ ಚಿತ್ರ ಸಿಗುತ್ತೆ, ಲಕ್ಷಕ್ಕೂ ಸಿಗುತ್ತೆ. ಬರೆದವನ ಜೊತೆಗೇ ನಿಂತು ಚೌಕಾಸಿ ಮಾಡಿ ತಂದ ಚಿತ್ರ ನಿಮ್ಮ ಲಾಬಿಯಲ್ಲಿದ್ದರೆ ಅದರ ಕತೆ ಹೇಳೋಕೂ ಜನ ಇರ್ತಾರೆ. ಬಿಡುವಿದ್ದರೆ ಕಸ್ತೂರ್ಬಾ ರಸ್ತೆಯ ವೆಂಕಟಪ್ಪ ಗ್ಯಾಲರಿಗೂ ಹೋಗಿ. ಊಟಿಯ ಬೆಟ್ಟ, ಮಂಜನ್ನು ವೆಂಕಟಪ್ಪನವರು ಜಲವರ್ಣದಲ್ಲಿ ಬರೆದಿದ್ದಾರೆ. ಅದನ್ನು ನೋಡಿ ಹೊರಗೆ ಬಂದು ಕಬ್ಬನ್ ಪಾರ್ಕಿನ ಮರ ನೋಡಿದರೆ ಎಲೆಯಲ್ಲಿ ಎಷ್ಟು ಥರದ ಹಸಿರಿದೆ ಅಂತ ಮೊದಲ ಸಲ ಕಾಣುತ್ತೆ. ಇದು ಬಿಟ್ಟು ಕಲೆಯ ಉಪಯೋಗ ಬೇರೆ ಏನಿದೆ ಅಂತ ಕೇಳಿದರೆ ನನಗೂ ಹೇಳೋಕೆ ಬರಲ್ಲ.

ಈಗ ಹೊಂಗೆ. ಶಿವರಾತ್ರಿ ಆಸುಪಾಸಿನಲ್ಲಿ ಎಲೆ ಉದುರಿಸಿ ಯುಗಾದಿ ಹೊತ್ತಿಗೆ ಎಳೆ ಹಸಿರು ಹೊದ್ದುಕೊಳ್ಳುತ್ತೆ, ಆಮೇಲೆ ಹೂವು. ಕಸ ಜಾಸ್ತಿ ಅನ್ನೋದು ಈ ಕೆಲವು ವಾರ ಮಾತ್ರ. ಆ ಎಲೆ ಒಳ್ಳೇ ಗೊಬ್ಬರ, ಹಿಂದೆ ಗದ್ದೆಗೆ ಹೊಂಗೆ ಸೊಪ್ಪು ತುಳಿಸ್ತಿದ್ದರು. ಹಿಂದುಗಡೆ ಮೂಲೆಯಲ್ಲಿ ಒಂದು ಎಲೆ ಗೊಬ್ಬರದ ಪಂಜರ ಇಟ್ಟರೆ ಕಸದ ಗಾಡಿಗೆ ಕೊಡೋ ಕೆಲಸವೂ ತಪ್ಪುತ್ತೆ, ಕುಂಡಗಳಿಗೆ ಗೊಬ್ಬರ ಕೊಳ್ಳೋದೂ ತಪ್ಪುತ್ತೆ. ಕಾರಿನ ಮೇಲೆ ಬಾಗಿರೋ ಕೊಂಬೆ ಒಂದೆರಡಿದ್ದರೆ ಮಳೆಗಾಲಕ್ಕೆ ಮುಂಚೆ ಸವರಿಸಿ, ಅದಕ್ಕೂ ಅರಣ್ಯ ವಿಭಾಗಕ್ಕೆ ಹೇಳಿಯೇ ಮಾಡಿಸಿ. ತಲೆ ಬೋಳಿಸಬೇಡಿ. ಸುತ್ತ ಹಾಕಿರೋ ಕಾಂಕ್ರೀಟನ್ನು ಒಂದು ಮೀಟರಿನಷ್ಟು ಒಡೆಸಿ ಮಣ್ಣು ಬಿಡಿ. ಬೇರಿಗೆ ನೀರೂ ಗಾಳಿಯೂ ಅಲ್ಲೇ ಸಿಗುತ್ತೆ.

ಕೊನೆಗೆ ಒಂದು, ಮೀಟಿಂಗಿನಲ್ಲಿ ಬೇಕಾದರೆ ಬಳಸಿಕೊಳ್ಳಿ. ಬೆಂಗಳೂರಿನಲ್ಲಿ ವರ್ಷವಿಡೀ ಒಂದಲ್ಲ ಒಂದು ಕಡೆ ಮರ ಹೂ ಬಿಟ್ಟಿರುತ್ತಲ್ಲ, ಅದು ತಾನಾಗಿ ಆದದ್ದಲ್ಲ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಜರ್ಮನಿಯ ಕ್ರುಂಬಿಗಲ್, 1932ರವರೆಗೆ ಲಾಲ್‌ಬಾಗ್ ನೋಡಿಕೊಂಡವರು, ಒಂದು ಜಾತಿ ಮುಗಿಯುವಾಗ ಇನ್ನೊಂದು ಅರಳಲಿ ಅಂತ ಲೆಕ್ಕ ಹಾಕಿ ರಸ್ತೆ ಬದಿಗೆ ಮರ ಆರಿಸಿದರು. ಅವರಾದ ಮೇಲೆ ಜವರಾಯರು, ಮರಿಗೌಡರು ಲಾಲ್‌ಬಾಗನ್ನು ಬೆಳೆಸಿದರು. ಈಗ ಎಲ್ಲರೂ ಫೋಟೊಗೆ ಚೆಂದ ಅಂತ ಗುಲಾಬಿ ಬಣ್ಣದ ಟಬೂಬಿಯಾ ಮರ ಒಂದನ್ನೇ ಕೇಳ್ತಾರೆ. ನಿಮ್ಮಲ್ಲಿ ಹೊಸ ಗಿಡ ನೆಡೋ ಜಾಗ ಇದ್ದರೆ ಸಂಪಿಗೆಯನ್ನೋ ಹೊಳೆ ದಾಸವಾಳವನ್ನೋ ಹಾಕಿ. ಹೊಳೆ ದಾಸವಾಳ ಬೇಸಿಗೆಯಲ್ಲಿ ನೇರಳೆ ಹೂ ಬಿಡುತ್ತೆ. ಲಾಲ್‌ಬಾಗ್ ನರ್ಸರಿಯಲ್ಲಿ ಕೇಳಿ ನೋಡಿ, ಇಲ್ಲದಿದ್ದರೆ ಅರಣ್ಯ ಇಲಾಖೆಯವರ ನರ್ಸರಿಗೆ ಜೂನ್ ಶುರುವಿನಲ್ಲೇ ಹೋಗಿ, ತಡ ಮಾಡಿದರೆ ಒಳ್ಳೇ ಸಸಿ ಖಾಲಿ ಆಗಿರುತ್ತೆ.

---

ಸಾಗರದವಳು:

ಮೂರನೇ_ಮಹಡಿ ಅವರೇ, ಚಿತ್ತಾರಕ್ಕೆ ಜನ ಬೇಕಾದರೆ ನನಗೆ ಮೆಸೇಜ್ ಹಾಕಿ, ಬರೆಯುವವರು ಗೊತ್ತಿದ್ದಾರೆ. ಆದರೆ ನಾಟಿ, ಕೊಯ್ಲಿನ ಸಮಯದಲ್ಲಿ ಕರೀಬೇಡಿ, ಯಾರೂ ಬರಲ್ಲ. ಸುಗ್ಗಿ ಮುಗಿದ ಮೇಲೆ, ಫೆಬ್ರವರಿ-ಮಾರ್ಚ್ ಅನುಕೂಲ. ಗೋಡೆಯ ಉದ್ದ ಅಗಲ ಅಳೆದು ಫೋಟೊ ಸಮೇತ ಕಳಿಸಿ. ಕೆಮ್ಮಣ್ಣು ನಮ್ಮ ಕಡೆಯಿಂದಲೇ ಚೀಲದಲ್ಲಿ ತರಿಸೋಣ, ನಿಮ್ಮಲ್ಲಿ ಸಿಗೋ ಪೇಂಟಿನ ಕೆಂಪು ಬೇಡ.